ಹಲಾಲ್ ವಾಲೆಟ್ಟಿನ ಮದುಮಗ

ನಮ್ಮ ಚಿಕ್ಕಮ್ಮನ ಮಗನ ಮೊಬೈಲಿನಷ್ಟು ಪರಿಶುದ್ಧವಾದ ಮೊಬೈಲು ಇಡೀ ಆರ್.ಟಿ. ನಗರದಲ್ಲಿ ಇನ್ನೊಂದಿಲ್ಲ. ಹುಡುಗ ಹೇಗೆ ಅಂತ ಕೇಳ್ಬೇಡಿ, ನಾನು ಹೇಳ್ತಿರೋದು ಮೊಬೈಲಿನ ಬಗ್ಗೆ.

ಯಾರೋ ಗೆಳೆಯ ತೋರಿಸಿದ ಅಂತ ಇವನು ಷರಿಯಾ ಪ್ರಕಾರ ನಡೆಯೋ ಒಂದು ವಾಲೆಟ್ ಆಪ್ ಹಾಕಿಕೊಂಡ. ಅದರಲ್ಲಿಟ್ಟ ದುಡ್ಡಿಗೆ ಬಡ್ಡಿ ಇಲ್ಲ, ಆ ದುಡ್ಡು ಹೆಂಡಕ್ಕೂ ಜೂಜಿಗೂ ಹೋಗಲ್ಲ, ಬಡವರಿಗೆ ಕೊಡಬೇಕಾದ ಜಕಾತ್ ಲೆಕ್ಕವನ್ನೂ ಅದೇ ಹಾಕಿಕೊಡುತ್ತೆ. ಒಳ್ಳೆಯದೇ. ನಮ್ಮ ಬೀದಿಯ ಎಷ್ಟೋ ಹುಡುಗ ಹುಡುಗಿಯರು ಅದನ್ನೇ ಬಳಸ್ತಾರೆ, ಬಳಸಿ ಸುಮ್ನೆ ಇರ್ತಾರೆ. ಇವನಿಗೆ ಮಾತ್ರ ಆಪ್ ಜೊತೆಗೆ ಧರ್ಮದ ತೀರ್ಪು ಕೊಡೋ ಮುಫ್ತಿ ಪದವಿಯೂ ಡೌನ್‌ಲೋಡ್ ಆಗಿಬಿಟ್ಟಿತು.

ಮೊದಲು ಸಿಕ್ಕಿಬಿದ್ದವರು ಬಿರಿಯಾನಿ ಹೋಟೆಲಿನ ಸಾಹೇಬರು. ಇವನು ತಿಂದು, ಕೈ ತೊಳೆದು, "ನಿಮ್ಮ ಅಕೌಂಟ್ ಬಡ್ಡಿ ಕೊಡೋ ಬ್ಯಾಂಕಲ್ಲಿದೆಯಾ?" ಅಂದ. ಅವರು ಗಲ್ಲಾದಿಂದ ತಲೆ ಎತ್ತದೆ, "ತಿನ್ನೋಕ್ ಮುಂಚೆ ಕೇಳ್ಬೇಕಿತ್ತು ಮಿಯಾ. ಈಗ ಕ್ಯಾಶ್ ಕೊಡು" ಅಂದ್ರು.

ಆಮೇಲೆ ಅಕ್ಕನಾದ ನನ್ನ ಸರದಿ.

"ಆಪಾ, ಈ ಫ್ರಿಡ್ಜು ಬಡ್ಡಿ ಕಂತಿನದಾ? ಹಾಗಾದ್ರೆ ಅದರ ನೀರು ಬೇಡ."

ಮಡಕೆ ನೀರು ಕೊಟ್ಟೆ. ಮಡಕೆಗೆ ಸಾಲ ಮಾಡಿಲ್ಲ ಅಂತ ನಾನು ಆಣೆ ಇಟ್ಟ ಮೇಲೆ ಕುಡಿದ!

ಇಂಥವನಿಗೆ ಯಲಹಂಕದಲ್ಲಿ ಹೆಣ್ಣು ನೋಡೋಕೆ ಹೋದ್ವಿ. ಹುಡುಗಿ ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡ್ತಾಳೆ, ಅಪ್ಪ ಟೈಲರ್. ನಾವೆಲ್ಲ ಕೂತ್ವಿ. ಇವನು ನಿಂತೇ ಇದ್ದ.

"ಸೋಫಾ ಲೋನಲ್ಲಿ ತಗೊಂಡಿದ್ದಾ?"

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡ್ರು. ಟೈಲರ್ ಮುಖ ಇಷ್ಟು ಸಣ್ಣದಾಯ್ತು. "ಹೂಂ ಬೇಟಾ... ನೀವೆಲ್ಲ ಬರ್ತೀರಲ್ಲ, ಕೂರೋಕೆ ಇರಲಿ ಅಂತ..."

ನನಗೆ ಇವನ ಕಿವಿ ಹಿಡಿದು ಹೊರಗೆ ನಡೆಸೋಣ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ಟ್ರೇ ಹಿಡಿದು ಬಂದಳು. ಶಾಂತವಾಗಿ ಕೇಳಿದಳು, "ಹೊರಗಿರೋ ಬೈಕು ನಿಮ್ದೇನಾ? ಪೂರ್ತಿ ಕ್ಯಾಶ್ ಕೊಟ್ಟಿದ್ದೀರಾ?"

ಊರಿನವರ ಫ್ರಿಡ್ಜು ಸೋಫಾ ತನಿಖೆ ಮಾಡೋ ಭರದಲ್ಲಿ ಮುಫ್ತಿಗಳು ತಮ್ಮ ಬೈಕಿನ ಕಂತನ್ನೇ ಮರೆತಿದ್ರು.

"ಅದು... ಆಪ್ ಹಾಕ್ಕೊಳ್ಳೋಕ್ ಮುಂಚೆ ತಗೊಂಡಿದ್ದು."

"ನಮ್ಮ ಸೋಫಾನೂ ನೀವು ಬರೋಕ್ ಮುಂಚೆ ತಗೊಂಡಿದ್ದು. ಚಹಾ ತಗೊಳ್ಳಿ."

ಸಂಬಂಧ ಅಲ್ಲಿಗೆ ಮುಗೀತು ಅಂತ ನಾವೆಲ್ಲ ಅಂದುಕೊಂಡ್ವಿ. ಆದರೆ ಇವನು ಆ ವಾರವೇ ಬೈಕ್ ಮಾರಿ ಸಾಲ ತೀರಿಸಿದ. ಬಸ್ಸು ಹತ್ತಿ ಯಲಹಂಕಕ್ಕೆ ಹೋಗಿ, ಟೈಲರ್ ಮುಂದೆ ನಿಂತು, "ಆವತ್ತು ನಿಮ್ಮ ಮನೇಲೇ ನಿಮ್ಮನ್ನ ಸಣ್ಣವರನ್ನಾಗಿ ಮಾಡಿದೆ, ಮಾಫ್ ಮಾಡಿ" ಅಂದನಂತೆ. ಅವರು ಕೈ ಹಿಡಿದು ಸೋಫಾ ಮೇಲೆ ಕೂರಿಸಿದ್ರಂತೆ.

"ಇಂಥವನನ್ನ ಹೇಗಮ್ಮ ಒಪ್ಪಿದೆ?" ಅಂತ ನಿಕಾಹ್ ದಿನ ಕೇಳಿದೆ.

ಹುಡುಗಿ ನಕ್ಕಳು. "ಬೇರೆಯವರ ತಪ್ಪು ಎಲ್ರೂ ಹುಡುಕ್ತಾರೆ ಆಪಾ. ತನ್ನದು ತೋರಿಸಿದ್ರೆ ಎದ್ದು ಹೋಗಿ ಸರಿ ಮಾಡ್ಕೊಂಡು ಬಂದೋರು ಇವರೊಬ್ರೇ."

ಮೊನ್ನೆ ಹೆಬ್ಬಾಳದಲ್ಲಿ ಬಸ್ ಹತ್ತಿದೆ. ಮುಂದಿನ ಸೀಟಲ್ಲಿ ಇವರಿಬ್ಬರು. ಆಸ್ಪತ್ರೆ ಪಾಳಿ ಮುಗಿಸಿದ ಅವಳು ಇವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಒಂದು ನಿಮಿಷ ಬಾಯಿ ಮುಚ್ಚಿ ಕೂತಿದ್ದನ್ನ ನಾನು ಎಂದೂ ನೋಡದ ಆ ಹುಡುಗ, ಉಸಿರೂ ಮೆಲ್ಲಗೆ ಬಿಡುತ್ತಾ, ಅವಳ ಮುಖಕ್ಕೆ ಬಿಸಿಲು ತಾಗದಂತೆ ಅಂಗೈ ಅಡ್ಡ ಹಿಡಿದು ಕೂತಿದ್ದ. ನಾನು ಮಾತಾಡಿಸದೆ ಹಿಂದೆ ಹೋಗಿ ನಿಂತೆ.