ಅಕ್ಕನ ಪರೀಕ್ಷೆಗೊಬ್ಬ ಕಳ್ಳ ಬೇಕಾಗಿದ್ದ

ಪೊಲೀಸರಾಗಲು ಓಟ, ಜಿಗಿತ, ಬಂದೂಕು, ಕಾಯ್ದೆ, ಕಲಮು ಅಂತ ಸರ್ಕಾರ ನೂರೆಂಟು ಪರೀಕ್ಷೆ ಇಟ್ಟಿದೆ. ಅವರ ಕೈಗೆ ಸಿಕ್ಕಿಬೀಳುವವನಿಗೆ ಮಾತ್ರ ಒಂದು ದಿನದ ತರಬೇತಿಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಇದು ಘೋರ ಅನ್ಯಾಯ ಎಂದು ಅನುಭವದಿಂದ ಹೇಳುತ್ತಿದ್ದೇನೆ. ಶೇಡಬಾಳದಲ್ಲಿ ನನ್ನಷ್ಟು ಜೋರಾಗಿ ಓಡುವ ಹುಡುಗ ಇನ್ನೊಬ್ಬನಿಲ್ಲ. ನಟನೆಯಲ್ಲಂತೂ ಅಕ್ಕಪಕ್ಕದ ನಾಲ್ಕು ತಾಲ್ಲೂಕು ಹುಡುಕಿದರೂ ನನಗೆ ಸಮ ಸಿಗುವುದಿಲ್ಲ. ರೂಪದ ಬಗ್ಗೆ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಬಿಡಿ. ಇಷ್ಟೆಲ್ಲ ಇದ್ದ ನಾನು ಪದ್ಮಕ್ಕನ ಕಳ್ಳನಾಗಲು ಒಪ್ಪಿಕೊಂಡಿದ್ದು ಶುದ್ಧ ಸಮಾಜಸೇವೆ.

ಪದ್ಮಕ್ಕ ಪೊಲೀಸ್ ತರಬೇತಿ ಶಾಲೆಯಿಂದ ರಜೆ ಮೇಲೆ ಮನೆಗೆ ಬಂದಿದ್ದಳು. ಓಟದಲ್ಲಿ ಪಾಸು, ಗುಂಡು ಹಾರಿಸುವುದರಲ್ಲಿ ಪಾಸು. ಬಿದ್ದದ್ದು ಒಂದೇ ಒಂದರಲ್ಲಿ: ಆರೋಪಿಯನ್ನು ಬಂಧಿಸುವ ಪ್ರಾತ್ಯಕ್ಷಿಕೆಯಲ್ಲಿ. ಕಳ್ಳನ ವೇಷ ಹಾಕಿದ್ದ ಹವಾಲ್ದಾರರು ಕೈಮುಗಿದು, ‘ಬಿಡ ತಂಗಿ, ಮನ್ಯಾಗ ಸಣ್ಣ ಹುಡುಗ್ರು ಅದಾವು’ ಅಂದರಂತೆ. ನಮ್ಮಕ್ಕನ ಕಣ್ಣಲ್ಲಿ ನೀರು ಬಂತು. ಕಳ್ಳನಿಗೂ ಬಾಯಾರಿರಬಹುದೆಂದು ನೀರು ತರಲು ಹೋದಳು. ಕಳ್ಳ ನೀರು ಕುಡಿದು, ಲೋಟ ಅಲ್ಲೇ ಬೋರಲು ಹಾಕಿ, ಆರಾಮಾಗಿ ಮೈದಾನ ದಾಟಿ ಹೋದ. ಸೋಮವಾರ ಮರುಪರೀಕ್ಷೆ. ಅದರಲ್ಲೂ ಬಿದ್ದರೆ ಗೆಳತಿಯರೆಲ್ಲ ಪಾಸಾಗಿ ಠಾಣೆಗೆ ಹೋಗುತ್ತಾರೆ, ಇವಳು ಮುಂದಿನ ತಂಡದ ಜೊತೆ ಮತ್ತೆ ಮೊದಲಿನಿಂದ. ಅಪ್ಪ ಇದಕ್ಕೇ ಕಾಯುತ್ತಿದ್ದ. ‘ನಮ್ಮ ಮನಿತನದಾಗ ಇರುವಿ ಸೈತ ತುಳಿಯಾಂಗಿಲ್ಲ, ನೀ ಕಳ್ಳರ್ನ ಹಿಡೀತಿ?’ ಎಂದು ಸೇರುವಾಗಲೇ ನಕ್ಕಿದ್ದ. ಅಕ್ಕ ಎರಡು ದಿನದಿಂದ ಊಟ ಅರ್ಧಕ್ಕೇ ಬಿಡುತ್ತಿದ್ದಳು. ಅವಳ ಪಾಲಿನ ಹೋಳಿಗೆಯನ್ನೂ ನಾನೇ ತಿನ್ನಬೇಕಾಗಿ ಬಂದಾಗ ವಿಷಯ ಎಷ್ಟು ಗಂಭೀರ ಎಂದು ನನಗೆ ಹೊಳೆಯಿತು.

ತಾಲೀಮು ರಾಜ್ಯದ ಗಡಿಗೆ ಹತ್ತಿದ ನಮ್ಮ ದ್ರಾಕ್ಷಿ ತೋಟದಲ್ಲಿ. ಬಂಧಿಸಿದ ಕಾಗದಕ್ಕೆ ಒಬ್ಬ ಸಾಕ್ಷಿಯ ಸಹಿ ಬೇಕಲ್ಲ, ಅದಕ್ಕೆ ಆಯಿಯನ್ನು, ಅಂದರೆ ನಮ್ಮ ಅಜ್ಜಿಯನ್ನು, ಮರದ ನೆರಳಿಗೆ ಕೂಡಿಸಿದೆವು.

‘ಏನ್ ಕದ್ದಾನ ಇವಾ?’ ಎಂದಳು ಆಯಿ.

‘ಏನೂ ಇಲ್ಲ ಆಯಿ. ಸುಳ್ಳ ಸುಳ್ಳ ಕಳ್ಳ’ ಎಂದಳು ಅಕ್ಕ.

‘ಸುಳ್ಳಿಗೆ ನಾ ಸಹಿ ಮಾಡಾಂಗಿಲ್ಲ ಬೇ. ಚಾತುರ್ಮಾಸ ಬ್ಯಾರೆ ನಡದೈತಿ. ಮೊದಲ ಕದೀಲಿ, ಆಮ್ಯಾಲ ನೋಡೂಣು.’

ಅಕ್ಕ ಎಷ್ಟು ಬೇಡಿದರೂ ಆಯಿ ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ನಾನು ಪಕ್ಕದ ಬಾಬು ಕಾಕಾನ ಶೆಡ್ಡಿಗೆ ನುಗ್ಗಿದೆ. ಕಾಕಾ ಅಪ್ಪನ ತಮ್ಮ. ದ್ರಾಕ್ಷಿ ಒಣಗಿಸಿ ಮನೂಕ ಮಾಡಿ ಮಾರುತ್ತಾನೆ, ಸಿಟ್ಟನ್ನು ಮಾತ್ರ ಒಣಗಲು ಬಿಡುವುದಿಲ್ಲ. ಒಂದು ಹಿಡಿ ಮನೂಕ ಸಾಕಿತ್ತು. ಆದರೆ ನನ್ನಂಥವನು ಒಂದು ಹಿಡಿ ಕದ್ದರೆ ಮರ್ಯಾದೆ ಏನು ಉಳಿಯಿತು? ಇಡೀ ಪೆಟ್ಟಿಗೆಯನ್ನೇ ಹೆಗಲಿಗೇರಿಸಿ ಹೊರಬಿದ್ದೆ. ಕಾಕಾ ಶೆಡ್ಡಿನ ಹಿಂದೆಯೇ ಇದ್ದ.

‘ಯಾವನಲೇ ಅಂವಾ! ಹಿಡೀರಿ ಅವನ್ನ!’

ನಾನು ಮುಂದೆ, ನನ್ನ ಹಿಂದೆ ಅಕ್ಕ, ಅವಳ ಹಿಂದೆ ಹಂದರದ ಬಿದಿರಿನ ಗಳು ಹಿಡಿದ ಕಾಕಾ. ಪೆಟ್ಟಿಗೆ ಹೊತ್ತು ನಾನು ಓಡಿದ ಓಟಕ್ಕೆ ಗಾಳಿಯೇ ದಾರಿ ಬಿಟ್ಟು ನಿಂತಿತು. ನಮ್ಮ ತೋಟದ ಬದು ದಾಟಿದರೆ ಮಹಾರಾಷ್ಟ್ರ. ಒಂದೇ ಜಿಗಿತಕ್ಕೆ ಆಚೆ ಬಿದ್ದೆ, ಪೆಟ್ಟಿಗೆ ಇಳಿಸಿ ಅದರ ಮೇಲೆ ಕೂತೆ, ನಾಲ್ಕು ಮನೂಕ ಬಾಯಿಗೆ ಹಾಕಿಕೊಂಡೆ.

‘ಅಕ್ಕಾ, ನಾ ಈಗ ಪರರಾಜ್ಯದಾಗ ಅದೀನಿ! ನಿನ್ನ ಅಧಿಕಾರ ಬದುವಿನತನಕ ಅಷ್ಟ!’

ಅಕ್ಕ ಬದುವಿನ ಮೇಲೆ ಗಕ್ಕನೆ ನಿಂತಳು. ನಾನು ನಗುತ್ತಿದ್ದೆ, ಅವಳ ಮುಖ ನೋಡಿ ನಿಲ್ಲಿಸಿದೆ. ಓದಿದ್ದೆಲ್ಲ ತಲೆಯಿಂದ ಹಾರಿಹೋದವಳ ಮುಖ ಅದು. ಇಲ್ಲಿ ನಿಂತವಳು ಸೋಮವಾರವೂ ಹೀಗೇ ನಿಲ್ಲುತ್ತಾಳೆ ಅನ್ನಿಸಿ ಬಾಯಲ್ಲಿದ್ದ ಮನೂಕ ಅಗಿಯುವುದನ್ನೇ ಬಿಟ್ಟೆ. ಹೇಳಿಕೊಡೋಣವೆಂದರೆ, ಎಲ್ಲ ಬಲ್ಲ ನನಗೆ ಕಾಯ್ದೆ ಒಂದು ಮಾತ್ರ ಗೊತ್ತಿರಲಿಲ್ಲ.

‘ಭಾರತದಾಗ ಎಲ್ಲಿಗೆ ಓಡಿಹೋದ್ರೂ ಬೆನ್ನ ಹತ್ತಿ ಹಿಡೀಬಹುದು!’ ಅಕ್ಕ ಒಮ್ಮೆಲೇ ಕೂಗಿದಳು. ಕೂಗು ಮುಗಿಯುವುದರೊಳಗೆ ನನ್ನ ಎರಡೂ ಕೈ ನನ್ನದೇ ಬೆನ್ನ ಹಿಂದಿದ್ದವು.

ಅಷ್ಟರಲ್ಲಿ ಗಳು ಎತ್ತಿಕೊಂಡು ಕಾಕಾ ಬದು ಹತ್ತಿದ. ನನ್ನ ನಟನೆ ಅಲ್ಲಿಗೆ ಮುಗಿಯಿತು. ‘ಅಕ್ಕಾ, ಬಿಡ ಬೇ, ಕಾಕಾ ಖರೇನ ಹೊಡೀತಾನ!’ ಎಂದು ಅತ್ತೆ. ಅಪ್ಪಟ ಕಣ್ಣೀರು, ಮೂಗೂ ಜೊತೆಗೂಡಿತ್ತು. ಅಕ್ಕನ ಹಿಡಿತ ಒಂದು ಚೂರು ಸಡಿಲಾಯಿತು. ನನಗೆ ಗೊತ್ತಾಯಿತು. ಕೈ ಎಳೆದುಕೊಂಡಿದ್ದರೆ ಓಡಬಹುದಿತ್ತು. ಮರುಕ್ಷಣ ಹಿಡಿತ ಮತ್ತೆ ಬಿಗಿಯಾಯಿತು.

‘ಕಾಕಾ, ದೂರ ನಿಲ್ರಿ. ಇಂವಾ ನನ್ನ ಕಸ್ಟಡಿಯಾಗ ಅದಾನ. ಕೈ ಹಚ್ಚಿದ್ರ ನಿಮ್ಮ ಮ್ಯಾಲೂ ಕೇಸ್ ಆಕ್ಕೈತಿ.’

ಕಾಕಾ ಗಳು ಇಳಿಸಿದ. ಅವನ ಮೇಲೆ ಹಾಗೆ ದನಿ ಎತ್ತಿದವರು ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಆಯಿ ಏದುಸಿರು ಬಿಡುತ್ತ ಬಂದಳು, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದಳು, ‘ಈಗ ಖರೆ ಆತು ನೋಡ’ ಎಂದು ಸಂತೋಷದಿಂದ ಸಹಿ ಹಾಕಿದಳು. ಯಾಕೆ ಬಂಧಿಸಿದ್ದೇನೆಂದು ಅಕ್ಕ ನನಗೆ ಸಾವಕಾಶ ಓದಿ ಹೇಳಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು:

‘ನಿನ್ನ ಹಿಡದದ್ದು ಯಾರಿಗೆ ತಿಳಿಸ್ಬೇಕು? ಅದು ನಿನ್ನ ಹಕ್ಕು.’

ಊರ ತುಂಬ ಗೆಳೆಯರಿರುವ ನನಗೆ ಒಂದು ಹೆಸರೂ ಹೊಳೆಯಲಿಲ್ಲ. ‘ಅಕ್ಕಗ ಹೇಳ್ರಿ’ ಎಂದೆ ಸಣ್ಣ ದನಿಯಲ್ಲಿ.

‘ಆಕಿ ಡ್ಯೂಟಿ ಮ್ಯಾಲ ಅದಾಳ. ಬ್ಯಾರೆ ಹೆಸರ ಹೇಳು.’

ಸೋಮವಾರ ಅವಳು ಪಾಸಾಗುತ್ತಾಳೆಂದು ನನಗೆ ಆಗಲೇ ಖಾತ್ರಿಯಾಯಿತು. ಉಳಿದ ಹೆಸರು ಅಪ್ಪನದೊಂದೇ. ಆ ಹೆಸರು ಹೇಳುವಷ್ಟು ಧೈರ್ಯವಿರುವ ಕಳ್ಳ ಈ ಸೀಮೆಯಲ್ಲಿ ಇನ್ನೂ ತಯಾರಾಗಿಲ್ಲ. ಅದಕ್ಕೇ ನಾನು ಹೇಳುವುದು, ನಮಗೂ ಒಂದು ತರಬೇತಿ ಶಾಲೆ ಬೇಕು.