ಜೇನಿಗೆ ಹೇಳದೆ ಉಳಿದ ಸುದ್ದಿಯ ಕುರಿತು

ಇಂದ:
ಶ್ರೀಮತಿ ಮೇವಿಸ್ ಬ್ರೂಕ್,
3, ಟ್ಯಾನರಿ ಓಣಿ,
ಗ್ರಿಸೆಲ್‌ಬಿ, ಯಾರ್ಕ್‌ಶೈರ್.

ಗೆ:
ಶ್ರೀ ನೈಜಲ್ ಕ್ರ್ಯಾಬ್‌ಟ್ರೀ, ಕಾರ್ಯದರ್ಶಿಗಳು,
ಪಟ್ಟಣ ಸಭೆ, ಗ್ರಿಸೆಲ್‌ಬಿ.

ದಿನಾಂಕ: 28 ಅಕ್ಟೋಬರ್ 2022

ವಿಷಯ: ಪಟ್ಟಣ ಸಭೆಯಿಂದ ಬಾಡಿಗೆಗೆ ಪಡೆದ ಕೈತೋಟ ಸಂಖ್ಯೆ 14ರ ಜೇನುಪೆಟ್ಟಿಗೆಯನ್ನು ತೆರವುಗೊಳಿಸುವ ಆದೇಶವನ್ನು ಹಿಂಪಡೆಯುವ ಬಗ್ಗೆ, ಹಾಗೂ ಶ್ರೀ ವಿಲ್ಫ್ ಬ್ರೂಕ್ ಅವರು ಖುದ್ದು ಹಾಜರಾಗದಿರುವ ಬಗ್ಗೆ.

ಉಲ್ಲೇಖ: 1. ಶ್ರೀ ವಿಲ್ಫ್ ಬ್ರೂಕ್ ಅವರ ಹೆಸರಿಗೆ ಬಂದ ತಮ್ಮ ನೋಟಿಸ್, ದಿನಾಂಕ 3-10-2022.
2. ಮೇಯರ್ ಅವರ ಟೊಪ್ಪಿ.
3. ದೇಶದ ಪರಿಸ್ಥಿತಿ.

ಮಾನ್ಯರೇ,

ಉಲ್ಲೇಖ ಒಂದರ ನೋಟಿಸಿನಲ್ಲಿ, ಜೇನುಪೆಟ್ಟಿಗೆಯ ಯಜಮಾನರಾದ ಶ್ರೀ ವಿಲ್ಫ್ ಬ್ರೂಕ್ ಅವರು ಅಕ್ಟೋಬರ್ 31ರ ಸಂಜೆ ಐದರೊಳಗೆ ಖುದ್ದು ಹಾಜರಾಗಿ ವಿವರಣೆ ನೀಡಬೇಕು, ತಪ್ಪಿದಲ್ಲಿ ಪೆಟ್ಟಿಗೆಯನ್ನು ಹೊತ್ತೊಯ್ಯಲಾಗುವುದು ಎಂದು ತಿಳಿಸಿರುತ್ತೀರಿ. ಐದು ಗಂಟೆಗೆ ಇನ್ನು ಮೂರು ದಿನವಿದೆ. ವಿಲ್ಫ್ ಬರುವುದಿಲ್ಲ. ಕಾರಣವನ್ನು ಎಂಟನೆಯ ಅಂಶದಲ್ಲಿ ನಿವೇದಿಸಲಾಗಿದೆ. ಅಲ್ಲಿಗೆ ನೇರವಾಗಿ ಹಾರದೆ ಕ್ರಮವಾಗಿ ಓದಬೇಕಾಗಿ ವಿನಂತಿ. ಅರ್ಜಿದಾರಳೂ ಅಲ್ಲಿಗೆ ಕ್ರಮವಾಗಿಯೇ ತಲುಪಿದ್ದಾಳೆ.

ತಮ್ಮ ಕಚೇರಿಯ ನಮೂನೆಯಲ್ಲಿ "ನಾನು" ಎಂಬುದಕ್ಕೆ ಅವಕಾಶವಿಲ್ಲದ ಕಾರಣ, ಶ್ರೀಮತಿ ಬ್ರೂಕ್ ಅವರನ್ನು ಇಲ್ಲಿ ಅರ್ಜಿದಾರಳೆಂದೇ ಕರೆಯಲಾಗಿದೆ.

1. ತಾವು ಈ ಊರಿಗೆ ಬಂದು ಎರಡು ತಿಂಗಳಾಗಿರುವ ಕಾರಣ, ಮೊದಲು ಪದ್ಧತಿಯನ್ನು ಅರಿಕೆ ಮಾಡಿಕೊಳ್ಳಲಾಗಿದೆ. ಮನೆಯಲ್ಲಿ ಸಾವು, ಮದುವೆ, ಯಜಮಾನಿಕೆಯ ಬದಲಾವಣೆ ಏನೇ ಆದರೂ ಜೇನಿಗೆ ತಿಳಿಸತಕ್ಕದ್ದು. ಮನೆಯ ಬೀಗದ ಕೈಯಿಂದ ಪೆಟ್ಟಿಗೆಯನ್ನು ಮೂರು ಬಾರಿ ತಟ್ಟಿ, ಮೆಲುದನಿಯಲ್ಲಿ ಸುದ್ದಿ ಹೇಳಿ, ಸಾವಾದರೆ ಕಪ್ಪು ರಿಬ್ಬನ್ ಕಟ್ಟಿ, ತಿಥಿಯೂಟದ ಒಂದು ತುಣುಕು ಕೇಕ್ ಇಡತಕ್ಕದ್ದು. ಹೇಳದಿದ್ದರೆ ಜೇನು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತದೆ. ಮನೆಯ ಸುದ್ದಿಯಷ್ಟೇ ಸಾಕಾದರೂ, ದೇಶದ ಸುದ್ದಿಯನ್ನೂ ಸೇರಿಸಿ ಹೇಳುವುದು ವಿಲ್ಫ್ ಅವರ ರೂಢಿ. ಅವರ ಪ್ರಕಾರ ಜೇನೂ ಈ ದೇಶದ ಪ್ರಜೆಯೇ, ಮತ್ತು ಉಳಿದವರಿಗಿಂತ ಹೆಚ್ಚು ದುಡಿಯುವ ಪ್ರಜೆ.

2. ಕಳೆದ ಸೆಪ್ಟೆಂಬರ್ 6, ಮಂಗಳವಾರ ದೇಶಕ್ಕೆ ಹೊಸ ಪ್ರಧಾನಿ ಬಂದ ಕಾರಣ, ಅರ್ಜಿದಾರಳು ಪೆಟ್ಟಿಗೆ ತಟ್ಟಿ ತಿಳಿಸಿದಳು. ಗುರುವಾರ ಮಹಾರಾಣಿಯವರು ತೀರಿಕೊಂಡ ಕಾರಣ, ಪುನಃ ತಟ್ಟಿ ತಿಳಿಸಿ, ರಿಬ್ಬನ್ ಕಟ್ಟಿ, ಶುಂಠಿ ಕೇಕ್ ಇಟ್ಟಳು. ಶುಕ್ರವಾರ, ಈಗ ರಾಜರಿದ್ದಾರೆ ಎಂದು ತಿಳಿಸಿದಳು. ನಾಲ್ಕು ದಿನದಲ್ಲಿ ಮೂರು ಸುದ್ದಿ. ಎಪ್ಪತ್ತು ವರ್ಷ ಆಗದ್ದು ಒಂದೇ ವಾರದಲ್ಲಿ ಆದರೆ ಮನುಷ್ಯರಿಗೇ ತಲೆ ತಿರುಗುತ್ತದೆ. ಮಹಾರಾಣಿ ಮತ್ತು ಜೇನು ಎರಡನ್ನೂ ಸೇರಿಸಿ ಮಾಡಬಹುದಾದ ಹಾಸ್ಯವನ್ನು ಊರಿನ ಎಲ್ಲರೂ ಈಗಾಗಲೇ ಮಾಡಿ ಮುಗಿಸಿದ್ದಾರೆ. ಕಡತಕ್ಕೆ ಸೇರಿಸುವ ಅಗತ್ಯವಿಲ್ಲ.

3. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಶೋಕಕ್ಕಾಗಿ ಅರ್ಧಕ್ಕೆ ಇಳಿಸಿದ್ದ ಧ್ವಜವನ್ನು ಹೊಸ ರಾಜರ ಗೌರವಾರ್ಥ ಪೂರ್ತಿ ಏರಿಸಿ, ಭಾನುವಾರ ಮಧ್ಯಾಹ್ನ ಒಂದಕ್ಕೆ ಮತ್ತೆ ಅರ್ಧಕ್ಕೆ ಇಳಿಸಬೇಕೆಂದು ಮೇಲಿನಿಂದ ಆದೇಶವಿತ್ತು. ಹತ್ತೂಮುಕ್ಕಾಲಿಗೆ ಸದರಿ ಜೇನುಗಳು ಪೆಟ್ಟಿಗೆ ತೊರೆದು, ಕೈತೋಟದ ಗೋಡೆ ದಾಟಿ, ಸಭಾಭವನದ ಧ್ವಜಸ್ತಂಭದ ತುದಿಯ ರಾಟೆಯ ಮೇಲೆ ಕುಂಬಳಕಾಯಿ ಗಾತ್ರದಲ್ಲಿ ಕುಳಿತವು. ಹಗ್ಗ ಎಳೆಯಲು ಕಾವಲುಗಾರ ಒಪ್ಪಲಿಲ್ಲ.

"ಏರಿಸ್ರೀ! ಇದು ರಾಜರ ವಿಷಯ!" ಎಂದು ತಾವು ಕೂಗಿದಿರಿ.

"ರಾಜರೇ ಬಂದು ಎಳೀಲಿ ಸಾರ್. ನಂಗಿರೋದು ಒಂದೇ ಮೂಗು," ಎಂದು ಆತ ಉತ್ತರಿಸಿದ್ದನ್ನು ಅರ್ಜಿದಾರಳು ಸ್ವತಃ ಕೇಳಿರುತ್ತಾಳೆ.

ಕಾರಣ, ರಾಜ್ಯವೆಲ್ಲ ಧ್ವಜ ಏರಿಸಿದ್ದಾಗ ಗ್ರಿಸೆಲ್‌ಬಿಯ ಧ್ವಜ ಅರ್ಧದಲ್ಲೇ ನಿಂತಿತು. ಇದನ್ನು ತಾವು ನೋಟಿಸಿನಲ್ಲಿ "ರಾಜಗೌರವಕ್ಕೆ ಚ್ಯುತಿ" ಎಂದಿದ್ದೀರಿ. ಶೋಕದ ಹನ್ನೊಂದು ದಿನಗಳಲ್ಲಿ ಹತ್ತು ದಿನ ಸದರಿ ಧ್ವಜ ಇರಬೇಕಾದ ಎತ್ತರದಲ್ಲೇ ಇತ್ತೆಂಬುದನ್ನೂ, ಭಾನುವಾರ ಒಂದು ಗಂಟೆಗೆ ಅದನ್ನು ಇಳಿಸುವ ಶ್ರಮ ಕಚೇರಿಗೆ ಉಳಿಯಿತೆಂಬುದನ್ನೂ ದಯವಿಟ್ಟು ಪರಿಗಣಿಸುವುದು.

4. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮೇಯರ್ ಶ್ರೀಮತಿ ಓಲಿವ್ ಟಾಪಿಂಗ್ ಅವರು ಕೆಂಪು ನಿಲುವಂಗಿ, ಚಿನ್ನದ ಸರ, ಗರಿಯುಳ್ಳ ಮುಮ್ಮೂಲೆ ಟೊಪ್ಪಿ ಧರಿಸಿ, ಸ್ತಂಭದ ಕೆಳಗೆ ನಿಂತು ರಾಜಘೋಷಣೆ ಓದಿದರು. ಓದು ಮುಗಿದ ಮೇಲೆ ಜನರು ಮೂರು ಬಾರಿ ಜಯಕಾರ ಕೂಗಿದರು. ಮೊದಲನೆಯದಕ್ಕೆ ಜೇನು ಅಲುಗಾಡಿತು. ಎರಡನೆಯದಕ್ಕೆ ಎದ್ದಿತು. ಮೂರನೆಯದಕ್ಕೆ ಮೇಯರ್ ಅವರ ಟೊಪ್ಪಿಯ ಮೇಲೆ ಇಳಿಯಿತು.

ಮೇಯರ್ ಅವರು ಅಲುಗಾಡಲಿಲ್ಲ. ಈ ವಿಷಯದಲ್ಲಿ ಅವರ ಧೈರ್ಯವನ್ನು ಅರ್ಜಿದಾರಳು ಲಿಖಿತವಾಗಿ ಶ್ಲಾಘಿಸುತ್ತಾಳೆ.

"ಮೇವಿಸ್," ಎಂದರು ಮೇಯರ್, ತುಟಿ ಅಲುಗದಂತೆ. "ಎಷ್ಟು ಕೂತಿವೆಯಮ್ಮ?"

"ಹೆಚ್ಚೇನಿಲ್ಲ ಓಲಿವ್. ಒಂದೈದು ಸಾವಿರ."

"ಗರಿ ತಿಂತಾವಾ? ಇದು ಬಾಡಿಗೆ ಟೊಪ್ಪಿ ಕಣೇ."

ಬೇರೆ ದಾರಿಯಿಲ್ಲದ ಕಾರಣ, ಅರ್ಜಿದಾರಳು ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಟೊಪ್ಪಿಯ ಅಂಚನ್ನು ಮೂರು ಬಾರಿ ತಟ್ಟಿ, "ಎಲ್ಲ ಸರಿಹೋಯ್ತು, ಘೋಷಣೆ ಮುಗೀತು, ಮನೆಗೆ ನಡೀರಿ," ಎಂದು ತಿಳಿಸಿ, ಟೊಪ್ಪಿಯ ಸಮೇತ ಜೇನನ್ನು ರಟ್ಟಿನ ಡಬ್ಬದಲ್ಲಿ ಇಳಿಸಿ ಪೆಟ್ಟಿಗೆಗೆ ಸೇರಿಸಿದಳು. ಪಟ್ಟಣದ ಮೇಯರ್ ಅವರ ತಲೆಯನ್ನು ಬೀಗದ ಕೈಯಿಂದ ತಟ್ಟಿದ್ದು "ಅಧಿಕಾರದ ಮೇಲಿನ ಹಲ್ಲೆ" ಎಂದು ತಾವು ಬರೆದಿದ್ದೀರಿ. ತಟ್ಟಿದ್ದು ಟೊಪ್ಪಿಯನ್ನು. ತಲೆ ಅದರ ಒಳಗಿದ್ದುದು ಕಾಕತಾಳೀಯ.

5. ಅನಂತರ ತಾವು ಅರ್ಜಿದಾರಳನ್ನು ಪಕ್ಕಕ್ಕೆ ಕರೆದು ಪ್ರಶ್ನಿಸಿದ್ದು ಹೀಗೆ:

"ನೋಡಿ ಮಿಸೆಸ್ ಬ್ರೂಕ್, ಊರವರ ಪ್ರಕಾರ ಸುದ್ದಿ ಹೇಳದಿದ್ರೆ ತಾನೇ ಇವು ಗೂಡು ಬಿಡೋದು? ನೀವು ಎಲ್ಲ ಹೇಳಿದ್ದೀರಿ. ಹಾಗಾದ್ರೆ ಯಾಕೆ ಬಿಟ್ವು?"

"ಗೊತ್ತಿಲ್ಲ ಸಾರ್."

"ಏನಾದ್ರೂ ಹೇಳೋದು ಬಾಕಿ ಇದೆಯಾ?"

"ಏನೂ ಇಲ್ಲ."

"ನಮ್ಮ ದಾಖಲೆಯಲ್ಲಿ ಯಜಮಾನರು ವಿಲ್ಫ್ ಬ್ರೂಕ್ ಅಂತಿದೆ. ಅವರನ್ನೇ ಕಳಿಸಿ, ಮಾತಾಡ್ತೀನಿ."

"ಅವರು ಹೊರಗೆ ಹೋಗಿದ್ದಾರೆ."

ಈ ಉತ್ತರ ಕೊಡುವಾಗ ಪಕ್ಕದ ಹದಿನೈದನೆಯ ಕೈತೋಟದ ಕ್ಲೆಮ್ ಡಾಸನ್ ಅವರು ಅರ್ಜಿದಾರಳನ್ನು ನೋಡಿದರು. ಆಮೇಲೆ ಲೀಕ್ ಎಂಬ ತಮ್ಮ ಈರುಳ್ಳಿ ಜಾತಿಯ ಗಿಡಗಳ ಕಡೆ ತಿರುಗಿಕೊಂಡರು.

6. ಅಕ್ಟೋಬರ್ 20ರಂದು ಸದರಿ ಹೊಸ ಪ್ರಧಾನಿ ರಾಜೀನಾಮೆ ಕೊಟ್ಟ ಕಾರಣ ಪುನಃ ತಿಳಿಸಲಾಯಿತು. 25ರಂದು ಅದಕ್ಕಿಂತ ಹೊಸ ಪ್ರಧಾನಿ ಬಂದ ಕಾರಣ ಪುನಃ ತಿಳಿಸಲಾಯಿತು. ಜೇನು ಆಸಕ್ತಿ ತೋರಲಿಲ್ಲ. ಐದನೆಯ ಬಾರಿ ಬೀಗದ ಕೈ ಎತ್ತಿದ್ದನ್ನು ಕಂಡು ಕ್ಲೆಮ್ ಬೇಲಿಯ ಮೇಲೆ ಮೊಣಕೈ ಊರಿದರು.

"ಮತ್ತೆ ಯಾರು ಬಂದ್ರು?"

"ಇನ್ನೊಬ್ಬರು."

"ಒಂದು ಫಲಕ ಹಾಕಿಬಿಡು ಮೇವಿಸ್, ಸೀಮೆಸುಣ್ಣದಲ್ಲಿ ಹೆಸರು ಬರ್ಕೊಂಡು ಒರೆಸ್ಕೊಂಡು ಇರಬಹುದು. ಕೈಯಾದ್ರೂ ಉಳೀತದೆ."

"ಹೋಗೋ, ನಿನ್ನ ಲೀಕ್ ನೋಡ್ಕೋ."

"ಒಂದು ಕೇಳ್ಲಾ? ಬೈಬಾರದು." ಕ್ಲೆಮ್ ಟೊಪ್ಪಿ ತೆಗೆದರು. "ರಾಣಿ ಹೋಗಿದ್ದು ಹೇಳಿದೆ, ರಾಜ ಬಂದಿದ್ದು ಹೇಳಿದೆ, ಪ್ರಧಾನಿಗಳ ಹಾಜರಿ ಕೂಗಿದೆ. ಆ ಇನ್ನೊಂದು ಹೇಳಿದ್ಯಾ?"

7. ಅರ್ಜಿದಾರಳು ಹಾರೆಯನ್ನು ನೆಲಕ್ಕೆ ಊರಿ ಮನೆಗೆ ಹೋದಳು. ಮರುದಿನವಿಡೀ ಕೈತೋಟಕ್ಕೆ ಬರಲಿಲ್ಲ. ಈ ಅವಧಿಯಲ್ಲಿ ಕೈತೋಟವನ್ನು ಪಾಳು ಬಿಟ್ಟಿದ್ದಕ್ಕೆ ಕ್ಷಮೆ ಇರಲಿ.

8. ಶ್ರೀ ವಿಲ್ಫ್ ಬ್ರೂಕ್ ಅವರು ಕಳೆದ ವರ್ಷ ಫೆಬ್ರವರಿ 11ರಂದು ನಿಧನರಾಗಿರುತ್ತಾರೆ.

9. ಅದನ್ನು ಜೇನಿಗೆ ತಿಳಿಸಿರಲಿಲ್ಲ. ಬದಲಾಗಿ ಅರ್ಜಿದಾರಳು ಅವರ ಕೋಟು ತೊಟ್ಟು, ಅವರ ಮುಖಪರದೆ ಹಾಕಿ, ಹೊಗೆಡಬ್ಬಿಯಲ್ಲಿ ಅವರ ಪೈಪಿನ ತಂಬಾಕನ್ನೇ ಸುಟ್ಟು, ಪೆಟ್ಟಿಗೆ ತೆರೆಯುವ ಮುಂಚೆ ಅವರಂತೆಯೇ ಎರಡು ಬಾರಿ ಕೆಮ್ಮುತ್ತಿದ್ದಳು. ಕೆಮ್ಮು ಈಗ ನಿಜವಾಗಿ ಅಂಟಿಕೊಂಡಿದೆ. ಹೀಗೆ ಮಾಡಲು ಕಾರಣವೇನೆಂದರೆ, ಊರಿಗೆಲ್ಲ ಗೊತ್ತಾದ ಮೇಲೂ, ವಿಲ್ಫ್ ಸಂಜೆ ಬರುತ್ತಾರೆಂದು ನಂಬಿ ಕಾಯುವವರು ಲೋಕದಲ್ಲಿ ಒಂದು ಪೆಟ್ಟಿಗೆಯಷ್ಟಾದರೂ ಇರಲಿ ಎಂದು.

10. ಇದನ್ನು ಗುರುವಾರ ಬೇಲಿಯ ಬಳಿ ಕ್ಲೆಮ್ ಅವರಿಗೆ ಒಪ್ಪಿಕೊಂಡಾಗ ಅವರು, "ಬೇಸಿಗೆಯ ಜೇನು ಬದುಕೋದು ಆರು ವಾರ ಕಣೇ. ವಿಲ್ಫನ್ನ ಕಂಡಿದ್ದ ಒಂದು ನೊಣಾನೂ ಈಗ ಅಲ್ಲಿಲ್ಲ," ಎಂದರು.

"ಮತ್ತೆ ಯಾರಿಗೆ ಕೆಮ್ಮುತಿದ್ದೆ ನಾನು?"

"ನನಗೆ ಕೇಳಿಸ್ತಿತ್ತು," ಎಂದರು ಕ್ಲೆಮ್. "ಮೊದಮೊದಲು ಎರಡು ಸಲ ಬೇಲಿ ಹತ್ರ ಓಡಿ ಬಂದಿದ್ದೆ. ಅವನೇ ಅನ್ಕೊಂಡು."

ಆರು ವಾರದ ಲೆಕ್ಕದಲ್ಲಿ, ಸೆಪ್ಟೆಂಬರ್ 6ರ ಪ್ರಧಾನಿಯ ಜೊತೆ ಹುಟ್ಟಿದ ಜೇನು ಅವರ ರಾಜೀನಾಮೆಯ ಹೊತ್ತಿಗೆ ಮುಪ್ಪಿನಿಂದ ಸತ್ತಿರುತ್ತದೆ. ಇದು ವಿಷಯಾಂತರ. ಆದರೂ ದಾಖಲೆಯಲ್ಲಿರಲಿ.

11. ಅದೇ ಗುರುವಾರ, ಅಂದರೆ ನಿನ್ನೆ, ಮಧ್ಯಾಹ್ನ ಮೂರೂವರೆಗೆ, ಅರ್ಜಿದಾರಳು ತನ್ನದೇ ಕೋಟು ತೊಟ್ಟು, ಕೆಮ್ಮದೆ, ಪೆಟ್ಟಿಗೆಯನ್ನು ಮೂರು ಬಾರಿ ತಟ್ಟಿದಳು. "ವಿಲ್ಫ್ ಹೋಗಿಬಿಟ್ರು. ಇನ್ಮೇಲೆ ನಾನೇ," ಎಂದಳು. ರಾಜಘೋಷಣೆಗಿಂತ ಚಿಕ್ಕದು. ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕ್ಲೆಮ್ ಟೊಪ್ಪಿ ಕೈಯಲ್ಲಿ ಹಿಡಿದು ಸಾಕ್ಷಿಯಾಗಿ ನಿಂತಿದ್ದರು. ಒಂದು ಜೇನು ಹೊರಬಂದು, ಅರ್ಜಿದಾರಳ ಬಲ ಹೆಬ್ಬೆರಳನ್ನು ಕುಟುಕಿ, ಅಲ್ಲೇ ಬಿದ್ದಿತು. ಉಳಿದವು ಒಳಗೇ ಇವೆ. ಇದನ್ನು ಸ್ವೀಕೃತಿಯೆಂದು ಪರಿಗಣಿಸಲಾಗಿದೆ.

12. ಸೆಪ್ಟೆಂಬರ್ 10ರಂದು ಜೇನು ಹೊರಟದ್ದು ರಾಜಗೌರವದ ವಿರುದ್ಧವಲ್ಲ, ದೇಶದ ಸುದ್ದಿಯೆಲ್ಲ ಕೊಟ್ಟು ಮನೆಯ ಸುದ್ದಿ ಮುಚ್ಚಿಟ್ಟ ಅರ್ಜಿದಾರಳ ವಿರುದ್ಧ ಎಂದು ಇದರಿಂದ ಸಿದ್ಧವಾಗುತ್ತದೆ. ಆದ್ದರಿಂದ ತಪ್ಪು ಅವಳದು, ಪೆಟ್ಟಿಗೆಯದಲ್ಲ.

ಮೇಲ್ಕಂಡ ಕಾರಣಗಳಿಂದ, ತಾವು ದಯಮಾಡಿ,

(ಅ) ತೆರವಿನ ಆದೇಶವನ್ನು ಹಿಂಪಡೆಯುವುದು;

(ಆ) ಕೈತೋಟ 14 ಮತ್ತು ಅದರ ಜೇನುಪೆಟ್ಟಿಗೆಯನ್ನು ಶ್ರೀಮತಿ ಮೇವಿಸ್ ಬ್ರೂಕ್ ಅವರ ಹೆಸರಿಗೆ ಬದಲಿಸುವುದು. ಸಿಂಹಾಸನದ ಹೆಸರು ಒಂದೇ ದಿನದಲ್ಲಿ ಬದಲಾದದ್ದನ್ನು ಈ ದೇಶ ಕಂಡಿರುವುದರಿಂದ, ಹನ್ನೆರಡು ಸಾಲು ಆಲೂಗಡ್ಡೆಗೆ ಮೂರು ದಿನ ಸಾಕೆಂದು ನಂಬಲಾಗಿದೆ;

(ಇ) ವಿಲ್ಫ್ ಅವರ ಹೆಸರಿಗೆ ಇನ್ನು ಮುಂದೆ ಪತ್ರ ಕಳುಹಿಸದಿರುವುದು. ಬಂದರೆ ಅರ್ಜಿದಾರಳು ಅವರ ಕುರ್ಚಿಯ ಮೇಲೆ ಇಡುತ್ತಾಳೆ, ಮತ್ತು ಕುರ್ಚಿ ತುಂಬಿದೆ.

ತಮ್ಮ ವಿಶ್ವಾಸಿ,
ಮೇವಿಸ್ ಬ್ರೂಕ್
(ಸಹಿ ಸೊಟ್ಟಗಿರುವುದಕ್ಕೆ ಕಾರಣ: ಹೆಬ್ಬೆರಳು)

ಅಡಕಗಳು:
1. ಮರಣ ಪ್ರಮಾಣಪತ್ರದ ಪ್ರತಿ.
2. ಸಾಕ್ಷಿ ಕ್ಲೆಮ್ ಡಾಸನ್ ಅವರ ಹೇಳಿಕೆ, ಬೀಜದ ಪೊಟ್ಟಣದ ಹಿಂಬದಿಯಲ್ಲಿ.
3. ಮೇಯರ್ ಅವರ ಟೊಪ್ಪಿಯಲ್ಲಿ ಉಳಿದಿದ್ದ ಜೇನು, ಒಂದು (ಮೃತ).
4. ಕಪ್ಪು ರಿಬ್ಬನ್, ಒಂದು ಗಜ.
5. ಶುಂಠಿ ಕೇಕ್, ಒಂದು ತುಣುಕು.

ವಿಶೇಷ ಸೂಚನೆ: ವಿಲ್ಫ್ ಅವರ ಸುದ್ದಿ ಹೇಳಬೇಕಾಗಿದ್ದವರಲ್ಲಿ ಇಬ್ಬರು ಮಾತ್ರ ಬಾಕಿ ಉಳಿದಿದ್ದರು: ಜೇನು, ಮತ್ತು ತಮ್ಮ ಕಚೇರಿ. ಆದ್ದರಿಂದ ಈ ಅರ್ಜಿ ಕೊಡುವ ಮುನ್ನ ಅರ್ಜಿದಾರಳು ತಮ್ಮ ಮೇಜನ್ನು ಬೀಗದ ಕೈಯಿಂದ ಮೂರು ಬಾರಿ ತಟ್ಟಿರುತ್ತಾಳೆ; ಗಾಬರಿಯಾಗಬಾರದು. ನಾಲ್ಕನೆಯ ಅಡಕವನ್ನು ಕಡತಕ್ಕೆ ಕಟ್ಟಿ, ಐದನೆಯದನ್ನು ತಾವು ತಿನ್ನುವುದು. ಸುದ್ದಿ ಇಷ್ಟು ತಡವಾಗಿ ತಲುಪಿತೆಂದು ಮುನಿಸಿಕೊಂಡು ಕಚೇರಿ ಬಿಟ್ಟು ಹಾರಿಹೋಗಬಾರದಾಗಿ ಪ್ರಾರ್ಥನೆ.