ವೀರಗಲ್ಲಿಗೆ ಎಣ್ಣೆ ಹಚ್ಚಿದವರು

ಈ ಪ್ರಸಂಗವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಒಮ್ಮೆ ತುರುವೇಕೆರೆಯ ಬಸ್ಸು ಕೆಟ್ಟು ನಿಂತಾಗ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತು. ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಹೆಚ್ಚು. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ನಡೆದದ್ದು ನಡೆದ ಹಾಗೆಯೇ ಇದ್ದರೆ ನಗು ಹೇಗೆ ಬೆಳೆಯುತ್ತದೆ? ನಾನೇ ಎಲ್ಲೋ ಅಂಚು ಉಜ್ಜಿ, ಉಬ್ಬು ತಗ್ಗಿಸಿ, ಕೈಗೆ ಹಿತವಾಗುವಂತೆ ಮಾಡಿಕೊಂಡಿರಬೇಕು. ಅದಕ್ಕೇ ಈ ಸಲ ನನಗೆ ಅನುಕೂಲವಿಲ್ಲದ ಸಂಗತಿಗಳನ್ನೂ ಬಿಡದೆ ಬರೆಯುತ್ತೇನೆ. ಅಷ್ಟು ಚೆನ್ನಾಗಿ ನಗು ಬರದಿದ್ದರೆ ಓದುಗರು ಕ್ಷಮಿಸಬೇಕು.

ಆಗ ನಮ್ಮ ತಿಪಟೂರಿನಲ್ಲಿ ಇತಿಹಾಸಾಸಕ್ತರ ಸಂಘವೊಂದಿತ್ತು. ಅಧ್ಯಕ್ಷರು ಕೊಬ್ಬರಿ ಮಂಡಿಯ ಶಿವಲಿಂಗಪ್ಪನವರು, ಖಜಾಂಚಿ ಟೈಲರ್ ಗೌಸ್ ಸಾಹೇಬರು, ಕಾರ್ಯದರ್ಶಿ ಹೈಸ್ಕೂಲು ಮೇಷ್ಟ್ರಾದ ನಾನು. ಮಂಡಿಯ ಮುಂಭಾಗದಲ್ಲಿ ಕೊಬ್ಬರಿ ಚೀಲಗಳ ನಡುವೆ ಮೂರು ಕುರ್ಚಿ ಹಿಡಿಸುವಷ್ಟು ಜಾಗವಿತ್ತು, ಅದೇ ನಮ್ಮ ಕಚೇರಿ. ಸಂಘದ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದರೆ ಇವತ್ತಿಗೂ ಕೊಬ್ಬರಿಯ ವಾಸನೆ ಬರುತ್ತದೆ. ಹಳೆಯ ಕಲ್ಲು, ಗುಡಿ, ಶಾಸನಗಳನ್ನು ಸಾಮಾನ್ಯ ಜನಕ್ಕೆ ತೋರಿಸುವುದು, ತಿಳಿದವರನ್ನು ಕರೆಸಿ ಮಾತಾಡಿಸುವುದು ನಮ್ಮ ಉದ್ದೇಶ. ಮೊಹರು ಮಾಡಿಸಿದ್ದೆವು. ಗೌಸ್ ಸಾಹೇಬರು ಬ್ಯಾನರು ಹೊಲಿದುಕೊಟ್ಟಿದ್ದರು, ನಾಲ್ಕು ಮೂಲೆಗೂ ಷರಟಿನ ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ಒತ್ತು ಕೊಟ್ಟು. ತೋರಿಸಲು ಒಂದು ಕಲ್ಲು ಮಾತ್ರ ಇರಲಿಲ್ಲ. ಹಾಗೆಂದು ನಾನು ಕೊರಗಿದಾಗ ಅಧ್ಯಕ್ಷರು, "ಕಲ್ಲು ಸಿಕ್ತದೆ ಕಣ್ರೀ ಮೇಷ್ಟ್ರೇ, ಮೊದ್ಲು ಉಪ್ಪಿಟ್ಟಿಗೆ ಯಾರ್ಗೆ ಹೇಳೋದು ಅಂತ ತೀರ್ಮಾನ ಮಾಡನ" ಎಂದಿದ್ದರು.

ಕಲ್ಲು ಸಿಕ್ಕಿದ್ದು ಹೊನ್ನವಳ್ಳಿ ಕಡೆಯ ಗಂಗಮ್ಮನ ತೋಟದಲ್ಲಿ. ಪಂಪ್‌ಸೆಟ್ಟಿನ ನೀರು ಬೀಳುವ ಕಡೆ ಅವರ ಮನೆಯವರು ಬಟ್ಟೆ ಒಗೆಯುತ್ತಿದ್ದ ಚಪ್ಪಡಿ ಅದು. ನೀರಿನ ಕಾಲುವೆಯನ್ನು ಬೇರೆ ಕಡೆ ತಿರುಗಿಸಬೇಕಾಗಿ ಬಂದು ಹಾರೆ ಹಾಕಿ ಮಗುಚಿದಾಗ, ಅಡಿಯಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ಎರಡು ಹಸು, ಮೇಲೆ ಅವನನ್ನು ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು, ನಡುವೆ ಮೂರು ಸಾಲು ಅಕ್ಷರ ಕಂಡವು. ತುರು ಕಾಯುತ್ತ ಸತ್ತ ಯಾವನೋ ವೀರ. ಗಂಗಮ್ಮ ಅವತ್ತೇ ಅದನ್ನು ತೆಂಗಿನ ಮರದ ಬುಡಕ್ಕೆ ಆನಿಸಿ ನಿಲ್ಲಿಸಿದರಂತೆ. ನಾನು ಸೈಕಲ್ಲು ತುಳಿದುಕೊಂಡು ಹೋಗಿ ನೋಡಿದಾಗ ಆಕೆ ಹೇಳಿದ ಮಾತನ್ನು ಮಾತ್ರ ನಾನು ಇಷ್ಟು ವರ್ಷ ಹೇಳುವ ಕಥೆಯಲ್ಲಿ ಸೇರಿಸುತ್ತಿರಲಿಲ್ಲ. ಅದಕ್ಕೆ ಯಾರೂ ನಗುತ್ತಿರಲಿಲ್ಲ.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇವನ ಬೆನ್ನ ಮ್ಯಾಲೆ ಬಟ್ಟೆ ಕುಕ್ಕಿದೀನಿ ಕಣಪ್ಪ. ಮಕ್ಕಳ ಉಚ್ಚೆ ಬಟ್ಟೆನೂ ಕುಕ್ಕಿದೀನಿ. ಅವನೋ ಊರ ದನ ಉಳಿಸಾಕೆ ಹೋಗಿ ಪ್ರಾಣ ಬುಟ್ಟೋನು. ಹೆಸರೊಂದು ಗೊತ್ತಾದ್ರೆ, ಇಂಥೋನೇ, ತಪ್ಪಾಯ್ತು ಕಣಪ್ಪ ಅಂತ ಒಂದ್ ಮಾತು ಹೇಳ್ಬೋದು. ಹೆಸರಿಲ್ದೆ ಯಾರಿಗೆ ಅಂತ ಹೇಳ್ಲಿ?"

ನನಗೆ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ. ಸಂಘದ ಕಾರ್ಯದರ್ಶಿಗೆ ಅದು ಬರಬೇಕೆಂದು ನಮ್ಮ ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ. "ಓದಿಸಿಕೊಡುತ್ತೇನಮ್ಮ, ಅದು ಸಂಘದ ಜವಾಬ್ದಾರಿ" ಎಂದೆ. ಮೈಸೂರಿನಿಂದ ನಿವೃತ್ತ ವಿದ್ವಾಂಸರೊಬ್ಬರು ಬರಲು ಒಪ್ಪಿದರು. ಜನರೆದುರೇ ಕಲ್ಲಿನ ಅಚ್ಚು ತೆಗೆದು, ಅಲ್ಲೇ ಓದಿ, ಅರ್ಥ ಹೇಳುವುದೆಂದು ಗೊತ್ತಾಯಿತು. ನಮ್ಮ ಸಂಘದ ಮೊದಲ ಸಾರ್ವಜನಿಕ ಕಾರ್ಯಕ್ರಮ.

ಅವತ್ತು ಬೆಳಿಗ್ಗೆ ತೋಟದ ತುಂಬ ಜನ. ಎರಡು ಮರಗಳ ನಡುವೆ ಬ್ಯಾನರು. ಬಂದವರಿಗೆಲ್ಲ ಎಳನೀರು. ವಿದ್ವಾಂಸರು ತಗಡಿನ ಪೆಟ್ಟಿಗೆ ತೆರೆದು ಬಿಳಿಯ ಕಾಗದ, ದಪ್ಪ ಕೂದಲಿನ ಬ್ರಷ್ಷು, ಮಸಿಯ ಡಬ್ಬಿ ಹೊರಗಿಟ್ಟರು. ಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಕುಳಿಗಳಿಗೆ ಇಳಿಸಿ, ಆಮೇಲೆ ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ ಮೂಡುತ್ತದೆ ಎಂದು ವಿವರಿಸಿದರು. ಗಂಗಮ್ಮ ಹೊಸ ಸೀರೆಯುಟ್ಟು, ಎಲ್ಲರಿಗಿಂತ ಮುಂದೆ, ಚಾಪೆಯ ತುದಿಯಲ್ಲಿ ಕೂತಿದ್ದರು. ವಿದ್ವಾಂಸರು ಕಾಗದ ಅಂಟಿಸಿದರು. ಅದು ಸೊಂಟದಿಂದ ಪಂಚೆ ಜಾರುವ ಹಾಗೆ ನಿಧಾನವಾಗಿ, ಮರ್ಯಾದೆಯಾಗಿ ಕೆಳಗಿಳಿಯಿತು. ಮತ್ತೆ ಅಂಟಿಸಿದರು. ಮತ್ತೆ ಇಳಿಯಿತು. ಅವರು ಕಲ್ಲನ್ನು ಬೆರಳಿನಿಂದ ಸವರಿ, ಬೆರಳನ್ನು ಮೂಗಿಗೆ ಹಿಡಿದರು.

"ಏನಿದು?"

"ಕೊಬ್ಬರಿ ಎಣ್ಣೆ ಸ್ವಾಮಿ, ನಮ್ಮ ತೋಟದ್ದೇ" ಎಂದರು ಗಂಗಮ್ಮ ಸಂತೋಷದಿಂದ. "ಎಂಟು ದಿನದಿಂದ ದಿನಾ ಒಂದು ಚೊಂಬು ಕುಡಿಸಿದೀನಿ."

ಬೇರೆ ಸೀಮೆಯಲ್ಲಾದರೆ ಕಲ್ಲಿಗೆ ಒಂದು ಬೆರಳು ಎಣ್ಣೆ ಮುಟ್ಟಿಸುತ್ತಿದ್ದರೇನೋ. ನಮ್ಮ ಸೀಮೆಯಲ್ಲಿ ಎಣ್ಣೆಯ ಅಳತೆಯೇ ಬೇರೆ. ಹಿಂದೆ ಯಾರೋ, "ವೀರ ಬಟ್ಟೆ ಉಡ್ಸ್ಕಳಾಕೆ ಒಪ್ತಿಲ್ಲ ಕಣ್ಲಾ" ಎಂದರು. ಇನ್ನೊಬ್ಬರು, "ಎಣ್ಣೆನೀರು ಆದ್ಮೇಲೆ ಸೀಗೇಪುಡಿ ಹಾಕ್ಬೇಕಲ್ಲ, ಬುಟ್ಟವ್ರೆ" ಎಂದರು. ಹೆಂಗಸರು ಸೀಗೇಪುಡಿ ತಂದೂ ಬಿಟ್ಟರು. ಉಜ್ಜಿದ್ದಾಯಿತು, ನೀರು ಸುರಿದದ್ದಾಯಿತು. ಕಲ್ಲೊಳಕ್ಕೆ ಇಳಿದ ಎಣ್ಣೆ ಹೊರಗೆ ಬರಲಿಲ್ಲ. ವಿದ್ವಾಂಸರು ಬಗ್ಗಿ ಬರಿಗಣ್ಣಿನಲ್ಲಿ ಓದಲು ನೋಡಿದರು. ಮೊದಲ ಸಾಲಿನಲ್ಲಿ ಯಾವ ಕಲ್ಲಿನಲ್ಲಾದರೂ ಇರುವ ರಾಜನ ಹೊಗಳಿಕೆ ಇತ್ತು. ವೀರನ ಹೆಸರಿರಬೇಕಾದ ಎರಡನೆಯ ಸಾಲಿನಲ್ಲಿ ಎಣ್ಣೆ, ಕುಂಕುಮ, ಧೂಳು ಕಲೆತು ಕಣಕದ ಹಾಗೆ ಕೂತಿತ್ತು. ಕೆರೆದರೆ ಅಕ್ಷರವೇ ಕಿತ್ತು ಬರಬಹುದೆಂದು ಅವರು ಮುಟ್ಟಲಿಲ್ಲ. "ಬಿಸಿಲು ತಿಂದು ಆರಲಿ, ಇನ್ನೊಂದು ವರ್ಷ ನೋಡೋಣ" ಎಂದರು. ಅಧ್ಯಕ್ಷರು ಎದ್ದು, ಸ್ವಾಗತ ಭಾಷಣಕ್ಕೂ ಮುಂಚೆ ವಂದನಾರ್ಪಣೆ ಮಾಡಿಬಿಟ್ಟರು.

ಆಗ ನಾನು, ಅಷ್ಟೂ ಜನರ ಮುಂದೆ, "ಯಾರಮ್ಮ ನಿಮಗೆ ಎಣ್ಣೆ ಹಚ್ಚೋಕೆ ಹೇಳಿದ್ದು?" ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು. ಗಂಗಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಯಾರೋ ಹೇಳಿದ್ರು ಕಣಪ್ಪ, ಹಚ್ಚಿದೆ" ಎಂದು ಎದ್ದು ಒಳಗೆ ಹೋದರು.

ವಿದ್ವಾಂಸರ ಆರೋಗ್ಯ ಕೆಟ್ಟು ಅವರು ಮತ್ತೆ ಬರಲಾಗಲಿಲ್ಲ. ನಾನು ಬೇರೆಯವರನ್ನು ಹುಡುಕಬೇಕಿತ್ತು. ಹುಡುಕುವ ಬದಲು ಕಥೆ ಹೇಳತೊಡಗಿದೆ. ಎರಡು ಸಲ ಜಾರಿದ ಕಾಗದ ನನ್ನ ಬಾಯಲ್ಲಿ ಏಳು ಸಲ ಜಾರಿತು. ಮುಂದಿನ ವರ್ಷದ ಹೊತ್ತಿಗೆ ವಿದ್ವಾಂಸರ ಕನ್ನಡಕ ಮಸಿಯ ಡಬ್ಬಿಗೆ ಬೀಳಲು ಶುರುವಾಯಿತು. ಒಂದು ಸಲ ಗೌಸ್ ಸಾಹೇಬರು ಎದುರಿಗೇ ಇದ್ದವರು ಕೊನೆಯವರೆಗೂ ಕೇಳಿ, "ಚೆನ್ನಾಗಿ ಹೇಳ್ತೀರ ಮೇಷ್ಟ್ರೇ. ಆದ್ರೆ ಅವ್ರು ಕನ್ನಡಕಾನೇ ಹಾಕ್ತಿರ್ಲಿಲ್ಲ" ಎಂದರು. ನನ್ನ ಕಣ್ಣಿಗೆ ಆ ಕನ್ನಡಕ ಈಗಲೂ ಕಾಣುತ್ತದೆ. ಕಪ್ಪು ಕಟ್ಟಿನದು, ಒಂದು ಕಡ್ಡಿಗೆ ದಾರ ಸುತ್ತಿದೆ. ನೆನಪು ಸುಳ್ಳು ಹೇಳುವಾಗ ಎಷ್ಟು ವಿವರವಾಗಿ ಹೇಳುತ್ತದೆ ನೋಡಿ.

ಮೂರೋ ನಾಲ್ಕೋ ವರ್ಷ ಕಳೆದ ಮೇಲೆ ಸಂಘದಿಂದ ಹಳೆಯ ಕಲ್ಲುಗಳ ಫೋಟೋ ಪ್ರದರ್ಶನ ಮಾಡೋಣವೆಂದಾಯಿತು. ಆ ಕಲ್ಲಿನ ಫೋಟೋ ಹಿಡಿಯಲು ಒಪ್ಪಿಗೆ ಕೇಳಲೆಂದು ನಾನೂ ಗೌಸ್ ಸಾಹೇಬರೂ ಗಂಗಮ್ಮನ ಮನೆಗೆ ಹೋದೆವು. ಆಕೆ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಮುಂದೆ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಅಂದರೆ ಸುಲಿಯುವುದಕ್ಕೆ, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. "ಹಿಡ್ಕಳಿ ಫೋಟೋ" ಎಂದವರು, "ಹೆಸರು ಏನಾರ ಗೊತ್ತಾಯ್ತಾ?" ಎಂದು ಕೇಳಿದರು.

ನಾನು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಗುತ್ತ, "ಅವತ್ತು ನೀವು ಎಣ್ಣೆ ಹಚ್ಚದಿದ್ದಿದ್ದರೆ ಗೊತ್ತಾಗೋದಮ್ಮ. ಯಾರು ಹೇಳಿದ್ರೋ ಏನೋ" ಎಂದೆ.

"ನೀವೇ ಬರ್ದಿದ್ರಲ್ಲಪ್ಪ."

"ನಾನಾ? ಎಲ್ಲಿ ಬರೆದೆ?"

ಗಂಗಮ್ಮನ ಸೊಸೆ ಒಳಗೆ ಹೋಗಿ, ಕಾಗದಗಳನ್ನು ಚುಚ್ಚಿ ಗೋಡೆಗೆ ನೇತುಹಾಕಿದ್ದ ತಂತಿಯನ್ನೇ ತಂದಳು. ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ಅಣ್ಣನ ಪತ್ರ, ಎಲ್ಲವನ್ನೂ ಒಂದೊಂದಾಗಿ ತೆಗೆಯುತ್ತ ಹೋದಳು. ಮೇಲಿನದು ಹೊಸದು, ಕೆಳಗಿನದು ಹಳೆಯದು. ನೆಲ ಅಗೆಯುವವರು ಪದರ ಪದರವಾಗಿ ಇಳಿಯಬೇಕೆಂದು ನಾನೇ ಭಾಷಣಗಳಲ್ಲಿ ಹೇಳುತ್ತಿದ್ದೆ. ಐದಾರು ಪದರ ಕೆಳಗೆ ಒಂದು ಪೋಸ್ಟ್ ಕಾರ್ಡು ಸಿಕ್ಕಿತು. "ಕಾರ್ಯಕ್ರಮಕ್ಕೆ ಮುಂಚೆ ಕಲ್ಲಿಗೆ ಸ್ವಲ್ಪ ಎಣ್ಣೆ ಸವರಿದರೆ ಅಕ್ಷರಗಳು ಸಭಿಕರಿಗೆ ಎದ್ದು ಕಾಣುತ್ತವೆ." ಕೆಳಗೆ ಸಂಘದ ಮೊಹರು. ಸಹಿ ಇದ್ದ ಜಾಗದಲ್ಲಿ ತಂತಿಯ ತೂತು.

"ಹೆಸರು ಸ್ಪಷ್ಟವಾಗಿಲ್ಲ" ಎಂದೆ. ಹಾಗೆಂದೆನೆಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಗೌಸ್ ಸಾಹೇಬರು ಕಾರ್ಡನ್ನು ಬೆಳಕಿಗೆ ಹಿಡಿದು, ಹೊಲಿಗೆ ಪರೀಕ್ಷಿಸುವವರ ಹಾಗೆ ನೋಡಿದರು. "ಹೆಸರು ಯಾಕೆ ಬೇಕು ಮೇಷ್ಟ್ರೇ? ಸಾಲಿನ ಕೊನೇ ಅಕ್ಷರಕ್ಕೆ ಇಷ್ಟುದ್ದ ಬಾಲ ಎಳೆಯೋರು ಈ ತಾಲ್ಲೂಕಲ್ಲಿ ನೀವೊಬ್ರೇ" ಎಂದರು.

ನಾನು ಅದನ್ನು ಬರೆದ ನೆನಪು ನನಗಿಲ್ಲ. ಈಗಲೂ ಇಲ್ಲ. ಇಲ್ಲದ ಕನ್ನಡಕವನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡ ತಲೆ, ಇದ್ದ ಕಾರ್ಡನ್ನು ಪೂರ್ತಿ ಅಳಿಸಿಹಾಕಿತ್ತು. "ಅವತ್ತೇ ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದೆ.

ಗಂಗಮ್ಮ ಒಂದು ಕಾಯಿ ಅಲ್ಲಾಡಿಸಿ ಕೇಳಿಸಿಕೊಂಡು, ಅಟ್ಟಕ್ಕೆ ಹೋಗಬೇಕಾದ ಕಡೆ ಇಟ್ಟರು. "ಅಷ್ಟು ಜನದ ಮುಂದೆ ಮೇಷ್ಟ್ರ ಮರ್ಯಾದೆ ಕಳೆಯಾಕಾಯ್ತದಾ? ಬುಡಿ ಅತ್ಲಾಗೆ. ಕಾಫಿ ಕುಡೀರಿ, ಆರೋಯ್ತದೆ."

ಹೊರಗೆ ತೆಂಗಿನ ಬುಡದಲ್ಲಿ ಆ ವೀರ ಎಣ್ಣೆಯ ಕಪ್ಪಿನಲ್ಲಿ ಹೊಳೆಯುತ್ತ ನಿಂತಿದ್ದ. ತಪ್ಪಾಯ್ತು ಎನ್ನುವುದಕ್ಕೆ ಗಂಗಮ್ಮ ಇಷ್ಟು ವರ್ಷ ಒಂದು ಹೆಸರಿಗಾಗಿ ಕಾದಿದ್ದರು. ನನಗೆ ಆ ತೊಂದರೆ ಇರಲಿಲ್ಲ. ನಾನು ಯಾರಿಗೆ ತಪ್ಪಾಯ್ತು ಎಂದು ಹೇಳಬೇಕಿತ್ತೋ ಅವರ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು, ಅವರು ಎದುರಿಗೇ ಕೂತಿದ್ದರು. ಹೇಳಿದೆ. ಎದ್ದು ನಿಂತು, ಕೈ ಮುಗಿದು, "ಗಂಗಮ್ಮ, ತಪ್ಪಾಯ್ತು" ಎಂದೆ. ನನ್ನ ದನಿ ನಡುಗಿದ್ದು, ಆಕೆ ಕಣ್ಣೊರೆಸಿಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊನ್ನೆ ಇದನ್ನು ಬರೆದು ಗೌಸ್ ಸಾಹೇಬರಿಗೆ ಓದಿ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತ, "ಎಲ್ಲಾ ಸರಿಯಾಗಿದೆ ಮೇಷ್ಟ್ರೇ. ಕೊನೇದೊಂದು ಬಿಟ್ಟು" ಎಂದರು. "ನೀವು ಅವತ್ತು ಹೇಳಿದ್ದು, ಕಾಫಿ ಚೆನ್ನಾಗಿದೆ ಅಂತ."